ಬಾಂದ್ರಾವೋ, ಕೊಲಾಬಾವೋ

"ಬಚ್ಚಲಿಗೆ ಗೋಡೆಯೇ ಇಲ್ವಲ್ಲ ಬಾಯೆ!" ಎಂದು ಸಿಸಿಲಿಯಾ ಮೊಬೈಲನ್ನು ಊಟದ ಮೇಜಿನ ಮೇಲೆ ಕವುಚಿಹಾಕಿದಳು.

"ಗೋಡೆ ಉಂಟು ವ್ಹಡ್ಲಿಮಾಂಯ್, ಗಾಜಿನದ್ದು," ಎಂದು ರಾಯ್‌ಸ್ಟನ್ ಬಂಗುಡೆಯ ಮುಳ್ಳು ಬಿಡಿಸುತ್ತ ಅಜ್ಜಿಯನ್ನು ನೋಡಿ ನಕ್ಕ. "ಹಾಸಿಗೆಯಲ್ಲಿ ಇದ್ದವರಿಗೆ ಸ್ನಾನ ಮಾಡುವವರು ಕಾಣಬೇಕು. ಅದಕ್ಕೇ ಅಷ್ಟು ರೇಟು."

"ಸಾಯ್ಬಾ! ಹಣ ಕೊಟ್ಟು ಮರ್ಯಾದೆ ಕಳೆಯುವುದಾ?"

ಕುಕ್ಕುಂದೂರಿನ ಆ ಮನೆಯಲ್ಲಿ ಎರಡು ದಿನಗಳಿಂದ ಇದೇ ಮಾತು. ರಾಯ್‌ಸ್ಟನ್‌ನ ಅಕ್ಕ ಶಾರ್ಲೆಟ್‌ಳ ಮದುವೆಗೆ ಇನ್ನು ಒಂದು ತಿಂಗಳು. ಹುಡುಗ ಕೆಮ್ಮಣ್ಣಿನ ಕಾರ್ಲ್ಟನ್, ದೋಹಾದ ವಿಮಾನ ನಿಲ್ದಾಣದಲ್ಲಿ ಸರಕು ವಿಭಾಗದ ಸೂಪರ್‌ವೈಸರ್, ಈಗ ರಜೆಯಲ್ಲಿ ಊರಿಗೆ ಬಂದಿದ್ದ. ಮದುವೆಯಾಗಿ ಮುಂಬೈಗೆ ಹೋಗಿ, ಅಲ್ಲಿ ಕೆಲವು ದಿನ ಕಳೆದು, ಅವನು ಕೆಲಸಕ್ಕೆ ಹಾರಬೇಕು. ಅದಕ್ಕಾಗಿ ಎರಡು ದೊಡ್ಡ ಹೋಟೆಲುಗಳ ಚಿತ್ರ ಕಳಿಸಿದ್ದ. ಒಂದು ಬಾಂದ್ರಾದ್ದು, ಗಾಜಿನ ಬಚ್ಚಲಿನದು. ಇನ್ನೊಂದು ಕೊಲಾಬಾದ್ದು, ಹಳೆಯ ಕಲ್ಲಿನ ಕಟ್ಟಡ, ಬಾಗಿಲಲ್ಲಿ ಪೇಟ ಸುತ್ತಿಕೊಂಡ ಆಳು. ಕೆಳಗೆ ಬರೆದಿದ್ದ: 'ನೀನೇ ಆರಿಸು. ನೀನು ಹೇಳಿದ್ದೇ ಫೈನಲ್.'

ಆ ಕೊನೆಯ ಸಾಲನ್ನು ಅಪ್ಪ ಸಿಲ್ವೆಸ್ಟರ್ ಮತ್ತೆ ಮತ್ತೆ ಓದಿಸಿಕೊಂಡಿದ್ದ. "ನೋಡು, ಹೀಗಿರಬೇಕು ಹುಡುಗ. ನಾನು ನಿನ್ನ ಮಮ್ಮಿಯನ್ನು ಯಾವ ಬಸ್ಸಿಗೆ ಹೋಗುವುದು ಅಂತಲೂ ಕೇಳಿದವನಲ್ಲ."

"ಕೇಳಿದ್ದರೆ ನಾನು ಇಳಿದು ಹೋಗುತ್ತಿದ್ದೆ," ಎಂದಳು ಆಂಜೆಲಾ, ಸಾರು ಬಡಿಸುತ್ತ.

ಎಲ್ಲರೂ ನಕ್ಕರು. ಸಿಲ್ವೆಸ್ಟರನೂ ನಕ್ಕ. ನಗದಿದ್ದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ಯಾವ ಮಾತಿಗೆ ನಗುತ್ತಾನೆ, ಯಾವುದಕ್ಕೆ ತಟ್ಟೆ ಎಸೆಯುತ್ತಾನೆ ಎಂದು ಆಂಜೆಲಾಗೆ ಇಷ್ಟು ವರ್ಷಗಳಲ್ಲಿ ಸುಮಾರಾಗಿ ಅಂದಾಜಿತ್ತು. ಅವಳ ಎಡಗೈಯ ಕಿರುಬೆರಳು ಮಡಚುವುದಿಲ್ಲ. ರಾಯ್‌ಸ್ಟನ್ ಹುಟ್ಟುವ ಮೊದಲು ಸಿಲ್ವೆಸ್ಟರ್ ಸಿಟ್ಟಿನಲ್ಲಿ ಬಾಗಿಲು ಬಡಿದಾಗ ಅದು ಸಂದಿನಲ್ಲಿತ್ತು. ಮನೆಯಲ್ಲಿ ಅದಕ್ಕೆ 'ಬಾಗಿಲಿನ ಬೆರಳು' ಎಂದು ಹೆಸರು. ಮಕ್ಕಳು ಸಣ್ಣವರಿದ್ದಾಗ ಅದನ್ನು ಹಿಡಿದು ಆಡುತ್ತಿದ್ದರು.

"ಯಾವುದು ಹೇಳಲಿ ಮಮ್ಮಿ?" ಎಂದಳು ಶಾರ್ಲೆಟ್.

"ನನ್ನನ್ನು ಕೇಳಿದರೆ ಬಾಂದ್ರಾ. ಮೌಂಟ್ ಮೇರಿ ಹತ್ತಿರ ಆಗ್ತದೆ. ನಿನಗೆ ಸಣ್ಣದಿರುವಾಗ ಜ್ವರ ತಲೆಗೇರಿದಾಗ ಮೇಣದ ಗೊಂಬೆ ಹರಸಿಕೊಂಡದ್ದು ಹಾಗೇ ಉಂಟು. ನೀನೇ ಕೊಟ್ಟು ಬಾ."

"ಹೆಂಗಸರ ಲೆಕ್ಕ!" ಎಂದ ರಾಯ್‌ಸ್ಟನ್. "ಫೈವ್ ಸ್ಟಾರ್ ಹೋಟೆಲು ಆರಿಸುವುದು ಇಗರ್ಜಿ ಎಷ್ಟು ದೂರ ಅಂತ ನೋಡಿ!"

ಶಾರ್ಲೆಟ್ ಬಾಂದ್ರಾ ಎಂದು ಬರೆದು ಕಳಿಸಿದಳು. ಗೊಂಬೆಯ ವಿಷಯವನ್ನೂ ಬರೆದಳು, ಓದಿ ಅವನು ನಗಲಿ ಎಂದು.

ಅವನು ನಗಲಿಲ್ಲ. ಮರುದಿನ ಫೋನು ಮಾಡಿ, "ನಾನು ಕೇಳಿದ್ದು ನಿನ್ನನ್ನು. ಉತ್ತರ ಕೊಟ್ಟದ್ದು ನಿನ್ನ ಅಮ್ಮ," ಎಂದ. ದನಿ ಏರಿರಲಿಲ್ಲ.

"ಹಾಗಲ್ಲ. ನನಗೆ ಎರಡೂ ಒಂದೇ. ಹಾಗಾದರೆ ಕೊಲಾಬಾ ಆಗಲಿ."

"ಈಗ ನಾನು ಹೇಳಿದ್ದಕ್ಕೆ ಕೊಲಾಬಾ. ನಿನಗೆ ಸ್ವಂತದ್ದು ಅಂತ ಒಂದು ಮಾತು ಇಲ್ವಾ ಶಾರ್ಲೆಟ್?"

ಅವಳು ಮಣಿಪಾಲದ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ನಿಂತಿದ್ದಳು. ಒಳಗೆ ರೋಗಿಗಳು ಕಾಯುತ್ತಿದ್ದರು. ಜನರ ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸುವುದು ಅವಳ ಕೆಲಸ. "ಭಾನುವಾರ ಸಿಗುವಾಗ ಮಾತಾಡುವ," ಎಂದಳು.

ಆ ಭಾನುವಾರ ಪೂಜೆಯ ಕೊನೆಗೆ ಫಾದರ್ ಮದುವೆಯ ಮೊದಲ ಪ್ರಕಟಣೆ ಓದಿದರು. ಕುಕ್ಕುಂದೂರಿನ ಸಿಲ್ವೆಸ್ಟರ್ ಮತ್ತು ಆಂಜೆಲಾರ ಮಗಳು, ಕೆಮ್ಮಣ್ಣಿನ ಮ್ಯಾಥ್ಯೂ ಮತ್ತು ಸೋನಿಯಾರ ಮಗ. ಹೀಗೆ ಇನ್ನೂ ಎರಡು ಭಾನುವಾರ ಓದಬೇಕು. ಯಾರಿಗಾದರೂ ತಕರಾರಿದ್ದರೆ ತಿಳಿಸಬೇಕು. ತಕರಾರು ಯಾರೂ ಹೇಳುವುದಿಲ್ಲ. ಪೂಜೆ ಬಿಟ್ಟ ಮೇಲೆ ಹೆಂಗಸರು ಬಂದು ಹುಡುಗಿಯ ಕೆನ್ನೆ ಹಿಂಡುತ್ತಾರೆ, ಅಷ್ಟೇ. ಕೆನ್ನೆ ಹಿಂಡಿಸಿಕೊಂಡು ಶಾರ್ಲೆಟ್ ಹೊರಗೆ ಬಂದಾಗ ಕಾರ್ಲ್ಟನ್‌ನ ಕಾರು ನಿಂತಿತ್ತು. ಸಿಲ್ವೆಸ್ಟರ್ ತಾನೇ ಬಾಗಿಲು ತೆರೆದು ಮಗಳನ್ನು ಕೂರಿಸಿದ.

ಕಾಪುವಿನಲ್ಲಿ ಅವನು ಕಾರನ್ನು ದೀಪಸ್ತಂಭದಿಂದ ಸ್ವಲ್ಪ ದೂರ, ಗಾಳಿಮರಗಳ ಹಿಂದೆ ನಿಲ್ಲಿಸಿದ. ಚರುಮುರಿ ತಂದುಕೊಟ್ಟ. ಅವಳ ತೊಡೆಯ ಮೇಲೆ ಕರವಸ್ತ್ರ ಹಾಸಿದ, ಸೀರೆಗೆ ಎಣ್ಣೆ ತಾಗಬಾರದೆಂದು.

"ಈಗ ಯಾರೂ ಇಲ್ಲ. ಅಮ್ಮ ಇಲ್ಲ, ಅಜ್ಜಿ ಇಲ್ಲ. ನೀನೇ ಹೇಳು, ಯಾವ ಹೋಟೆಲು?"

"ಕೊಲಾಬಾ."

"ಯಾಕೆ?"

"ನೀವು ಅದರ ಚಿತ್ರವನ್ನೇ ಜಾಸ್ತಿ ಕಳಿಸಿದ್ದೀರಿ. ನಿಮಗೆ ಅದು ಇಷ್ಟ ಅಂತ."

ಕೈ ಬಂದದ್ದು ಅವಳಿಗೆ ಕಾಣಲಿಲ್ಲ. ಎಡಗಿವಿಯ ಮೇಲೆ ಬಿತ್ತು. ಚರುಮುರಿ ಕಾರಿನ ತುಂಬ ಚೆಲ್ಲಿತು.

"ನನಗೆ ಇಷ್ಟ ಎಂತದ್ದು ಅಂತ ಕೇಳಿದೆನಾ? ನಿನಗೆ? ಯಾವುದು?"

"ಬಾಂದ್ರಾ."

ಮತ್ತೊಂದು ಬಿತ್ತು. "ಅದು ನಿನ್ನ ಅಮ್ಮನದ್ದು. ಯಾವುದು?"

"ಕೊಲಾಬಾ."

"ಅದು ಪೆಟ್ಟಿಗೆ ಹೇಳಿದ್ದು!" ಎಂದು ಮೂರನೆಯದನ್ನು ಕೊಟ್ಟ. ಆಮೇಲೆ ಸ್ಟಿಯರಿಂಗ್ ಹಿಡಿದು, ತುಂಬ ಕೆಲಸ ಮಾಡಿ ದಣಿದವನ ಹಾಗೆ ಉಸಿರು ಬಿಟ್ಟ. "ಒಂದು ಸಣ್ಣ ಪ್ರಶ್ನೆ ಕೇಳಿದೆ, ಮಾರಾಯ್ತಿ. ಒಂದು."

ಅವಳು ಬಾಗಿಲು ತೆಗೆದು ಇಳಿದಳು. ಅವನು ತಡೆಯಲಿಲ್ಲ. ಮೊಣಕಾಲಿನ ಮೇಲೆ ಬಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ಶಾರ್ಲೆಟ್ ಹೆದ್ದಾರಿಯವರೆಗೆ ನಡೆದಳು, ಪಡುಬಿದ್ರೆಗೆ ಒಂದು ಬಸ್ಸು ಹಿಡಿದಳು, ಅಲ್ಲಿಂದ ಕಾರ್ಕಳಕ್ಕೆ ಇನ್ನೊಂದು. ಕಂಡಕ್ಟರ್ ಎಡಬದಿಯಲ್ಲಿ ನಿಂತು ಟಿಕೆಟ್ ಟಿಕೆಟ್ ಎಂದು ಕೂಗಿ ಕೊನೆಗೆ ಅವಳ ಭುಜ ತಟ್ಟಿದ. ಅವಳು ಬೆಚ್ಚಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಅಯ್ಯೋ, ನಾನು ಎಂತ ಮಾಡಿದೆ ಮಾರಾಯ್ರೆ?" ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ಹೇಳಿದ.

ಮನೆಯಲ್ಲಿ ಭಾನುವಾರದ ಸಾನ್ನಾಂ ಮತ್ತು ಹಂದಿಮಾಂಸ. ಸಿಲ್ವೆಸ್ಟರ್ ಊಟಕ್ಕೆ ಕುಳಿತಿದ್ದ. "ಬಂತು ಮದುಮಗಳು! ಎಂತ, ಅವನು ಒಳಗೆ ಬರಲಿಲ್ವಾ?" ಎಂದ. ಶಾರ್ಲೆಟ್ ಮೇಜು ದಾಟಿ ನಡೆದಳು. "ನಿನ್ನ ಹತ್ತಿರ ಹೇಳುವುದು. ಕಿವಿ ಕೇಳುವುದಿಲ್ವಾ?"

"ಈ ಕಡೆಯದ್ದು ಕೇಳುವುದಿಲ್ಲ," ಎಂದು ಅವಳು ತಲೆ ತಿರುಗಿಸಿದಳು. "ಕಾರ್ಲ್ಟನ್ ಹೊಡೆದ."

ಆಂಜೆಲಾ ಬಡಿಸುವ ಸೌಟನ್ನು ಹಿಡಿದೇ ನಿಂತಳು. ಅದರಿಂದ ಮಾಂಸದ ರಸ ಮೇಜಿನ ಮೇಲೆ ತೊಟ್ಟಿಕ್ಕಿತು.

"ನೀನು ಅವನಿಗೆ ಎಂತ ಹೇಳಿದಿ?" ಎಂದ ಸಿಲ್ವೆಸ್ಟರ್.

"ಹೋಟೆಲಿನ ಹೆಸರು ಹೇಳಿದೆ."

"ಹೋಟೆಲಿನ ಹೆಸರು ಹೇಳಿದ್ದಕ್ಕೆ ಯಾರಾದರೂ ಹೊಡೆಯುತ್ತಾರಾ? ಎದುರು ಮಾತಾಡಿರ್ತಿ. ನಿನ್ನ ನಾಲಗೆ ನನಗೆ ಗೊತ್ತುಂಟು."

ರಾಯ್‌ಸ್ಟನ್ ತಟ್ಟೆ ತಳ್ಳಿ ಎದ್ದ. ಅಡುಗೆಮನೆಗೆ ಹೋಗಿ ತೆಂಗಿನಕಾಯಿ ಒಡೆಯುವ ಕತ್ತಿಯನ್ನು ತೆಗೆದುಕೊಂಡು ಬಂದ. ಆಂಜೆಲಾ ಸೌಟು ಬಿಸಾಡಿ ಅವನ ಸೊಂಟ ಹಿಡಿದು ನೇತಾಡಿದಳು. "ಕತ್ತಿ ಇಡು ಪುತಾ! ನೀನು ಜೈಲಿಗೆ ಹೋದರೆ ಅವಳ ಕಿವಿ ಸರಿ ಆಗ್ತದಾ?"

"ಬಿಡಿ ಮಮ್ಮಿ! ಎರಡು ಬೆರಳು ಮಾತ್ರ ತೆಗೆಯುತ್ತೇನೆ!"

"ಕೂತುಕೊಳ್ಳೋ!" ಎಂದು ಸಿಲ್ವೆಸ್ಟರ್ ಮೇಜು ಗುದ್ದಿದ. ಗಾಜಿನ ಲೋಟ ಉರುಳಿ ಒಡೆಯಿತು. "ಈ ಮನೆಯಲ್ಲಿ ಹೊಡೆಯುವುದಾದರೆ ನಾನು ಹೊಡೆಯುತ್ತೇನೆ!"

ಗಲಾಟೆಯ ನಡುವೆ ಸಿಸಿಲಿಯಾ ಎದ್ದು ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಕಿವಿಯ ಕೆಳಗೆ ಒಣಗಿದ ರಕ್ತದ ಗೆರೆ ಇತ್ತು. "ಬೆಚ್ಚಗೆ ಎಣ್ಣೆ ಬಿಡಲಾ ಬಾಯೆ?"

"ಬೇಡ ವ್ಹಡ್ಲಿಮಾಂಯ್. ಪರದೆ ಹರಿದಿರಬೇಕು. ಎಂತದ್ದೂ ಬಿಡಬಾರದು."

"ಹಾಗಾದರೆ ಉಣ್ಣು. ಹಸಿದುಕೊಂಡು ಅಳಬಾರದು."

ಮರುದಿನ ಕ್ಲಿನಿಕ್ಕಿನಲ್ಲಿ ಶಾರ್ಲೆಟ್ ರೋಗಿಯ ಕುರ್ಚಿಯಲ್ಲಿ ಕುಳಿತಳು. ಶಬ್ದ ಬಾರದ ಕೋಣೆ; ಗಾಜಿನ ಆಚೆ ಅವಳ ಹಿರಿಯ ಸಹೋದ್ಯೋಗಿ ನಳಿನಾಕ್ಷಿ. ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬಲಗಿವಿಗೆ ಬೇಗಬೇಗ ಒತ್ತಿದಳು. ಎಡಗಿವಿಯ ಸರದಿಯಲ್ಲಿ ಕೈ ಗುಂಡಿಯ ಮೇಲೇ ಇತ್ತು, ಒತ್ತುವ ಸಂದರ್ಭ ಬರಲು ತುಂಬ ಹೊತ್ತಾಯಿತು.

"ಎಂತ ಆದದ್ದು?" ಎಂದಳು ನಳಿನಾಕ್ಷಿ ಒಳಗೆ ಬಂದು.

"ಬಾಗಿಲು ತಾಗಿತು."

"ಬಾಗಿಲಿಗೆ ಬೆರಳು ಉಂಟಾ? ಕೆನ್ನೆಯಲ್ಲಿ ಗುರುತು ಕಾಣ್ತದೆ." ನಳಿನಾಕ್ಷಿ ಕುರ್ಚಿ ಎಳೆದು ಅವಳ ಬಲಬದಿಗೆ ಕುಳಿತಳು. "ಡಾಕ್ಟ್ರಿಗೆ ತೋರಿಸುವ. ಗುಣ ಆಗ್ತದೆ, ಕೆಲವು ವಾರ ಬೇಕು. ಆದರೆ ಮತ್ತೊಂದು ಪೆಟ್ಟು ಬಿದ್ದರೆ ನನಗೆ ಎಂತದ್ದೂ ಹೇಳಲಿಕ್ಕಾಗುವುದಿಲ್ಲ. ಅಪ್ಪನಾ, ಹುಡುಗನಾ?"

"ಹುಡುಗ."

"ಮತ್ತೆ ಎಂತಕ್ಕೆ ಬಾಗಿಲಿನ ಹೆಸರು ಹಾಳು ಮಾಡುವುದು?"

ಅದೇ ಸಂಜೆ ರಾಯ್‌ಸ್ಟನ್ ತನ್ನ ಗ್ಯಾರೇಜನ್ನು ಬೇಗ ಮುಚ್ಚಿ ಬೈಕು ಹತ್ತಿದ. ಕತ್ತಿ ಒಯ್ಯಲಿಲ್ಲ, ಚಕ್ರ ಬಿಚ್ಚುವ ಸ್ಪ್ಯಾನರ್ ಒಯ್ದ. ಕೆಮ್ಮಣ್ಣಿನಲ್ಲಿ ಹೊಳೆಯ ಪಕ್ಕದ ಮನೆಯ ಮುಂದೆ ಕಾರು ನಿಂತಿತ್ತು. ಅದರ ಬದಿಯ ಕನ್ನಡಿಯನ್ನು ಒಂದೇ ಏಟಿಗೆ ಕೆಡವಿದ. ಇನ್ನೊಂದನ್ನು ಕೆಡವುವ ಮೊದಲು ಕಾರ್ಲ್ಟನ್ ಮತ್ತು ನೆರೆಯ ಇಬ್ಬರು ಹುಡುಗರು ಬಂದು ಅವನನ್ನು ತೆಂಗಿನ ಮರಕ್ಕೆ ಒತ್ತಿ ಹಿಡಿದರು. ಕಾರ್ಲ್ಟನ್ ಮುಖಕ್ಕೆ ಹೊಡೆಯುವ ಮೊದಲು ತನ್ನ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಜಗಲಿಯಲ್ಲಿ ಅವನ ತಾಯಿ ಸೋನಿಯಾ ನಿಂತಿದ್ದಳು. ಅವಳು ಕೂಗಲಿಲ್ಲ, ಒಳಗೂ ಹೋಗಲಿಲ್ಲ.

ರಾಯ್‌ಸ್ಟನ್ ತುಟಿ ಒಡೆದು, ಒಂದು ಕಣ್ಣು ಮುಚ್ಚಿ ಮನೆಗೆ ಬಂದ. ಸಿಲ್ವೆಸ್ಟರ್ ಅದನ್ನು ನೋಡಿ, ಉಳಿದ ಕೆನ್ನೆಗೆ ತಾನೂ ಒಂದು ಕೊಟ್ಟ.

"ಕಾರ್ಡು ಊರಿಗೆಲ್ಲ ಕೊಟ್ಟಾಗಿದೆ. ಹಾಲ್ ಆಗಿದೆ. ಒಂದು ಪ್ರಕಟಣೆ ಓದಿ ಆಗಿದೆ. ನೀನು ಹೋಗಿ ಅವರ ಕಾರು ಒಡೆಯುವುದಾ? ನಾಳೆ ನನ್ನ ಪ್ಲೈವುಡ್ ಅಂಗಡಿಗೆ ಬಂದು ಜನ ಕೇಳಿದರೆ ಎಂತ ಹೇಳುವುದು?"

"ಅಕ್ಕನ ಕಿವಿ ಒಡೆದದ್ದು ಹೇಳಿ!"

"ಕಿವಿ ಒಳಗೆ ಉಂಟು, ಯಾರಿಗೂ ಕಾಣುವುದಿಲ್ಲ. ಕನ್ನಡಿ ಹೊರಗೆ ಉಂಟು!"

ಮರುದಿನ ಅವನು ಅಂಗಡಿಯ ಹಿಂದಿನ ಕೋಣೆಯಿಂದ ಕಾರ್ಲ್ಟನ್‌ನ ತಂದೆ ಮ್ಯಾಥ್ಯೂಗೆ ಫೋನು ಮಾಡಿದ. "ಮ್ಯಾಥ್ಯೂಬಾಬ್, ಹುಡುಗನದ್ದು ಬಿಸಿರಕ್ತ, ತಪ್ಪಾಯಿತು. ಹೊಸ ಕನ್ನಡಿ ನಾನು ಹಾಕಿಸಿಕೊಡುತ್ತೇನೆ," ಎಂದ. ಮ್ಯಾಥ್ಯೂ ಪರವಾಗಿಲ್ಲ ಎಂದ. ಕನ್ನಡಿಯ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕಿವಿಯ ಮಾತು ಯಾರೂ ಎತ್ತಲಿಲ್ಲ. ಬರುವ ಭಾನುವಾರ ಊಟಕ್ಕೆ ಬಂದು ಎಲ್ಲ ಸರಿಮಾಡಿಕೊಳ್ಳುವ ಎಂದು ತೀರ್ಮಾನವಾಯಿತು.

ಆ ವಾರ ಮನೆಯಲ್ಲಿ ಮಾತಿಗಿಂತ ಪಾತ್ರೆಯ ಸದ್ದು ಹೆಚ್ಚಿತ್ತು. ಶಾರ್ಲೆಟ್ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದಳು, ಸಂಜೆ ಬಂದು ಗಂಜಿ ಉಣ್ಣುತ್ತಿದ್ದಳು. ಕಾರ್ಲ್ಟನ್‌ನಿಂದ ದಿನಾ ಹೂವಿನ ಚಿತ್ರ ಬರುತ್ತಿತ್ತು. ಅವಳು ಒಂದೇ ಒಂದು ಸಲ, ಬಟ್ಟೆ ಒಗೆಯುವ ಕಲ್ಲಿನ ಬಳಿ, ತಾಯಿಯನ್ನು ಕೇಳಿದಳು.

"ಮಮ್ಮಿ, ನಾನು ಬೇಡ ಅಂದರೆ?"

ಆಂಜೆಲಾ ಸಿಲ್ವೆಸ್ಟರನ ಅಂಗಿಯ ಕಾಲರನ್ನು ತಿಕ್ಕುತ್ತಿದ್ದಳು. "ಗಂಡಸರಿಗೆ ಒಂದೊಂದು ಸಲ ಕೈ ಬರ್ತದೆ. ಮಕ್ಕಳಾದ ಮೇಲೆ ಕಡಿಮೆ ಆಗ್ತದೆ."

"ನಿಮಗೆ ಕಡಿಮೆ ಆಯಿತಾ?"

ಆಂಜೆಲಾ ಅಂಗಿಯನ್ನು ಕಲ್ಲಿಗೆ ಬಡಿದಳು. ಮತ್ತೆ ಬಡಿದಳು. ಗುಂಡಿಗಳು ಹಾರಿದವು.

ಭಾನುವಾರ ಎರಡನೆಯ ಪ್ರಕಟಣೆ ಓದಿಯಾಯಿತು. ಮಧ್ಯಾಹ್ನ ಕೆಮ್ಮಣ್ಣಿನವರು ದೊಡ್ಡ ಕೇಕು ಹಿಡಿದುಕೊಂಡು ಬಂದರು. ಕಾರ್ಲ್ಟನ್ ಮೊದಲು ಮನೆಯ ಅಲ್ತಾರಿನ ಮುಂದೆ ಮೊಣಕಾಲೂರಿ ಶಿಲುಬೆಯ ಗುರುತು ಮಾಡಿದ. ಸಿಸಿಲಿಯಾಳ ಕೈಗೆ ಮುತ್ತಿಟ್ಟ. ರಾಯ್‌ಸ್ಟನ್‌ನ ಬೆನ್ನು ತಟ್ಟಿ, "ಕನ್ನಡಿ ಹೋಗಲಿ ಬಿಡು ಮಾರಾಯ, ನಾನೂ ಸ್ವಲ್ಪ ಜಾಸ್ತಿ ಕೊಟ್ಟೆ," ಎಂದ. ಸಿಲ್ವೆಸ್ಟರ್ ಬಾಟಲಿ ತೆರೆದ. ಮ್ಯಾಥ್ಯೂ ಕಡಿಮೆ ಮಾತಿನ ಮನುಷ್ಯ. ಲೋಟ ಹಿಡಿದುಕೊಂಡು ಫ್ಯಾನಿನ ಕೆಳಗೆ ಕುಳಿತ.

ಸೋನಿಯಾ ನೇರ ಅಡುಗೆಮನೆಗೆ ಹೋದಳು. ಅಲ್ಲಿ ಶಾರ್ಲೆಟ್ ಒಬ್ಬಳೇ ಈರುಳ್ಳಿ ಹೆಚ್ಚುತ್ತಿದ್ದಳು. ಆಂಜೆಲಾ ಕೋಳಿಯ ಪಾತ್ರೆ ಹೊತ್ತು ಹಿತ್ತಲಿನ ಒಲೆಯ ಕಡೆಗೆ ಹೋಗಿದ್ದಳು.

ಸೋನಿಯಾ ಬಂದು ಅವಳ ಎಡಕ್ಕೆ ನಿಂತು ಎಂತದೋ ಅಂದಳು. ಶಾರ್ಲೆಟ್ ಹೆಚ್ಚುತ್ತಲೇ ಇದ್ದಳು. ಸೋನಿಯಾ ಒಂದು ಕ್ಷಣ ಅವಳ ಮುಖ ನೋಡಿ, ಸುತ್ತು ಹಾಕಿ ಬಲಬದಿಗೆ ಬಂದಳು.

"ನನ್ನದೂ ಎಡಗಿವಿ," ಎಂದಳು.

ಶಾರ್ಲೆಟ್‌ಳ ಚಾಕು ನಿಂತಿತು. ನಿಶ್ಚಯದ ದಿನ ಈ ಹೆಂಗಸು ಮಾತಾಡುವವರ ಕಡೆಗೆಲ್ಲ ಬಲಗೆನ್ನೆ ತಿರುಗಿಸುವುದನ್ನು ಅವಳು ನೋಡಿದ್ದಳು. ವಯಸ್ಸು, ಒಮ್ಮೆ ಕ್ಲಿನಿಕ್ಕಿಗೆ ಬರಲು ಹೇಳಬೇಕು ಎಂದುಕೊಂಡಿದ್ದಳು.

"ಅಂಕಲ್‌ರಾ?"

"ಅವರಾ? ಅವರು ನೊಣಕ್ಕೂ ಹೊಡೆಯುವವರಲ್ಲ. ನೊಣ ಬಂದು ಕೂತರೂ ಸುಮ್ಮನೆ ಇರ್ತಾರೆ." ಸೋನಿಯಾ ಈರುಳ್ಳಿಯ ಸಿಪ್ಪೆಯನ್ನು ಒಟ್ಟುಮಾಡಿದಳು. "ಅವನೇ. ಹೋದ ಸಲ ರಜೆಗೆ ಬಂದಾಗ ಫ್ರಿಡ್ಜ್ ತೆಗೆಯುವ ಅಂತ ಉಡುಪಿಗೆ ಕರೆದುಕೊಂಡು ಹೋದ. ಮಮ್ಮಿ ನೀವೇ ಆರಿಸಿ, ಕೆಂಪಾ ಬಿಳಿಯಾ ಅಂದ. ನಾನು ಬಿಳಿ ಅಂದೆ. ಮನೆಗೆ ಬಂದ ಮೇಲೆ ಹೊಡೆದ. ಕೆಂಪು ಅಂದಿದ್ದರೂ ಹೊಡೆಯುತ್ತಿದ್ದ. ನಾನು ಆಮೇಲೆ ತುಂಬ ಯೋಚನೆ ಮಾಡಿದೆ, ಎಂತ ಹೇಳಬೇಕಿತ್ತು ಅಂತ. ಹಾಗೆ ಒಂದು ಸರಿ ಉತ್ತರ ಇಲ್ಲ ಬಾಯೆ."

ಹೊರಗೆ ಗಂಡಸರು ಗಟ್ಟಿಯಾಗಿ ನಕ್ಕರು.

"ನೀವು ಮೊದಲೇ ಯಾಕೆ ಹೇಳಲಿಲ್ಲ ಆಂಟಿ?"

"ನಾನು ತಾಯಿ. ಮದುವೆ ಆದರೆ ಸರಿ ಆಗ್ತಾನೆ ಅಂದುಕೊಂಡೆ. ಮತ್ತೆ," ಸೋನಿಯಾ ಸೆರಗಿನಿಂದ ಮೂಗು ಒರೆಸಿದಳು, "ನೀನು ಬಂದರೆ ನನಗೆ ಸ್ವಲ್ಪ ಕಡಿಮೆ ಬೀಳ್ತದೆ ಅಂತಲೂ ಅಂದುಕೊಂಡೆ. ದೇವರ ಮುಂದೆ ಹೇಳುವುದು. ನೀನು ಬೇಡ ಅನ್ನು. ನಾನು ಹೇಳಿದ್ದು ಅಂತ ಮಾತ್ರ ಹೇಳಬೇಡ. ನಾನು ಅವನ ಕಾರಿನಲ್ಲೇ ವಾಪಸು ಹೋಗಬೇಕು."

ಹಿತ್ತಲಿನ ಬಾಗಿಲಲ್ಲಿ ಆಂಜೆಲಾ ಕೋಳಿಯ ಪಾತ್ರೆ ಹಿಡಿದುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಪಾತ್ರೆಯ ಬಿಸಿಗೆ ಅವಳ ಅಂಗೈ ಕೆಂಪಾಗಿತ್ತು. ಪಾತ್ರೆ ಕೆಳಗಿಟ್ಟು, "ಬನ್ನಿ ಸೋನಿಯಾಬಾಯ್, ಬಡಿಸುವ," ಎಂದಳು.

ಊಟದ ಮಧ್ಯೆ ಕಾರ್ಲ್ಟನ್ ಚಮಚದಿಂದ ಲೋಟ ತಟ್ಟಿದ.

"ಅಂಕಲ್, ಎಲ್ಲದಕ್ಕೂ ಆ ಹೋಟೆಲೇ ಕಾರಣ ಅಲ್ವಾ? ನಾನು ಎರಡನ್ನೂ ಬುಕ್ ಮಾಡಿದೆ! ಸ್ವಲ್ಪ ದಿನ ಅಲ್ಲಿ, ಸ್ವಲ್ಪ ದಿನ ಇಲ್ಲಿ. ಆರಿಸುವ ರಗಳೆಯೇ ಇಲ್ಲ."

"ಅಬ್ಬ! ಇದು ಬುದ್ಧಿ!" ಎಂದು ಸಿಲ್ವೆಸ್ಟರ್ ಅವನ ತೊಡೆ ತಟ್ಟಿದ. "ಕೇಳಿದಿಯಾ ಶಾರ್ಲೆಟ್? ಎರಡನ್ನೂ!"

"ಇನ್ನು ಒಂದೇ ಬಾಕಿ," ಎಂದು ಕಾರ್ಲ್ಟನ್ ಅವಳ ಕಡೆಗೆ ತಿರುಗಿ ಮುಗುಳ್ನಕ್ಕ. "ಮೊದಲು ಯಾವುದಕ್ಕೆ ಹೋಗುವುದು? ಬಾಂದ್ರಾವೋ, ಕೊಲಾಬಾವೋ? ಎಲ್ಲರ ಮುಂದೆ ನೀನೇ ಹೇಳು."

ಎಲ್ಲರೂ ನಗುತ್ತ ಅವಳನ್ನು ನೋಡಿದರು. ಸೋನಿಯಾ ತನ್ನ ತಟ್ಟೆಯಲ್ಲಿ ಒಂದೇ ತುತ್ತನ್ನು ಕಲಸುತ್ತಿದ್ದಳು.

"ನನಗೆ ಈ ಮದುವೆ ಬೇಡ," ಎಂದಳು ಶಾರ್ಲೆಟ್.

ಸಿಲ್ವೆಸ್ಟರ್ ಎದ್ದದ್ದಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಎಂತ ಹೇಳಿದಿ?"

"ಬೇಡ ಪಪ್ಪಾ. ನಾಳೆ ಫಾದರ್‌ಗೆ ಹೇಳಿ."

ಅವನು ಮಗಳ ಕೂದಲು ಹಿಡಿದು ಎಬ್ಬಿಸಿದ. ಹೊಡೆದ ಪೆಟ್ಟಿಗೆ ಅವಳು ಶೋಕೇಸಿಗೆ ಬಿದ್ದಳು. ಗಾಜು ಒಡೆದು ರಾಯ್‌ಸ್ಟನ್‌ನ ಫುಟ್‌ಬಾಲ್ ಕಪ್ಪುಗಳು ನೆಲಕ್ಕುರುಳಿದವು. ಅವಳ ಮೊಣಕೈಯಿಂದ ರಕ್ತ ಹರಿಯಿತು. ಅವಳು ಎಡಗಿವಿಯನ್ನು ಎರಡೂ ಕೈಯಲ್ಲಿ ಮುಚ್ಚಿ, ಉಳಿದ ಮೈಯನ್ನು ಅವನಿಗೆ ಬಿಟ್ಟುಕೊಟ್ಟಂತೆ ಮುದುಡಿ ಕುಳಿತಳು. ಸಿಲ್ವೆಸ್ಟರ್ ಸೊಂಟದ ಬೆಲ್ಟಿಗೆ ಕೈ ಹಾಕಿದ. ರಾಯ್‌ಸ್ಟನ್ ಹಿಂದಿನಿಂದ ಅವನ ಕುತ್ತಿಗೆ ಬಳಸಿ ಎಳೆದ. ತಂದೆ ಮಗ ಇಬ್ಬರೂ ಮೇಜಿನ ಮೇಲೆ ಬಿದ್ದರು; ಕೋಳಿ, ಕೇಕು ಎಲ್ಲ ಒಂದಾಯಿತು.

ಕಾರ್ಲ್ಟನ್ ಅಂಗಿಗೆ ಸಿಡಿದ ಮಸಾಲೆಯನ್ನು ಬೆರಳಿನಿಂದ ತೆಗೆದ. "ನೀವೇ ನೋಡಿದ್ರಲ್ಲ ಅಂಕಲ್. ಇವಳು ಹೀಗೆಯೇ. ಡ್ಯಾಡಿ, ಏಳಿ. ಮಮ್ಮಿ, ಕಾರು ಹತ್ತಿ."

ಮ್ಯಾಥ್ಯೂ ಎದ್ದು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ. ಸೋನಿಯಾ ಅಂಗಳದವರೆಗೆ ಹೋದಳು. ಕಾರಿನ ಬಾಗಿಲು ಹಿಡಿದಳು. ಅಲ್ಲಿಂದ ತಿರುಗಿ, ಮೆಟ್ಟಿಲಲ್ಲಿ ರಕ್ತದ ಮೊಣಕೈ ಹಿಡಿದು ನಿಂತ ಶಾರ್ಲೆಟ್‌ಳನ್ನು ನೋಡಿದಳು. ಹುಡುಗಿ ಅಷ್ಟು ಪೆಟ್ಟು ತಿಂದರೂ ಅವಳ ಹೆಸರು ಹೇಳಿರಲಿಲ್ಲ.

"ಅವಳಿಗೆ ಬೇಡ ಅನ್ನು ಅಂತ ಹೇಳಿದ್ದು ನಾನು," ಎಂದಳು ಸೋನಿಯಾ.

"ಮಮ್ಮಿ?"

"ಫ್ರಿಡ್ಜಿನ ವಿಷಯವೂ ಹೇಳಿದ್ದೇನೆ."

ಕಾರ್ಲ್ಟನ್ ಕಾರಿನ ಸುತ್ತು ಹಾಕಿ ಬಂದ. ನಿಧಾನವಾಗಿಯೇ ಬಂದ. ತಾಯಿಯ ತೋಳನ್ನು ಹಿಂದಕ್ಕೆ ತಿರುಚಿ, ತಲೆಯನ್ನು ಕಾರಿನ ಅಂಚಿಗೆ ಒತ್ತಿದ. "ಹತ್ತಿ. ಮನೆಗೆ ಹೋಗಿ ಮಾತಾಡುವ." ಸೋನಿಯಾ ಹತ್ತಲಿಲ್ಲ. ಅವನು ಕೈ ಎತ್ತಿ ಅವಳ ಮುಖಕ್ಕೆ ಹೊಡೆದ. ಆ ಶಬ್ದ ಅಂಗಳಕ್ಕೆಲ್ಲ ಕೇಳಿತು.

ಮಸಾಲೆ ಮೆತ್ತಿದ ಅಂಗಿಯಲ್ಲಿ ಬಾಗಿಲಿಗೆ ಬಂದಿದ್ದ ಸಿಲ್ವೆಸ್ಟರ್ ಅದನ್ನು ನೋಡಿದ. ಮೆಟ್ಟಿಲು ಇಳಿದದ್ದು ಯಾರಿಗೂ ಕಾಣಲಿಲ್ಲ. ಕಾರ್ಲ್ಟನ್ ಮಣ್ಣಿನಲ್ಲಿ ಬಿದ್ದದ್ದು ಮಾತ್ರ ಕಂಡಿತು.

"ತಾಯಿಗೆ ಹೊಡೆಯುತ್ತೀಯಾ? ಹೆತ್ತ ತಾಯಿಗೆ?" ಎಂದು ಅವನು ಒದ್ದ. ಕಾಲರ್ ಹಿಡಿದು ಎಬ್ಬಿಸಿ ಮೂಗಿಗೆ ಗುದ್ದಿದ. ತನ್ನ ಕೈಯೇ ಮುರಿಯುವಂತೆ ಗುದ್ದಿದ. "ನನ್ನ ಅಂಗಳದಲ್ಲಿ ತಾಯಿಗೆ!"

ಈಗ ಅವನನ್ನು ಎಳೆದು ಬಿಡಿಸಿದವನೂ ರಾಯ್‌ಸ್ಟನ್‌ನೇ. ಕಾರ್ಲ್ಟನ್ ಮೂಗು ಹಿಡಿದುಕೊಂಡು ಕಾರಿಗೆ ಹತ್ತಿದ. ಹಿಂದಿನ ಸೀಟಿನಲ್ಲಿ ಮ್ಯಾಥ್ಯೂ ಕಿಟಕಿಯ ಗಾಜು ಇಳಿಸಿ, "ಸೋನಿಯಾ," ಎಂದ. ಅಷ್ಟೇ ಅಂದ. ಅವಳು ಅಲುಗಲಿಲ್ಲ. ಕಾರು ಹಿಂದಕ್ಕೆ ಹೋಗುವಾಗ ಹೂವಿನ ಕುಂಡಗಳನ್ನು ಕೆಡವಿ, ಗೇಟನ್ನು ಉಜ್ಜಿಕೊಂಡು ಹೋಯಿತು.

ಸಿಸಿಲಿಯಾ ಜಗಲಿಯ ಕುರ್ಚಿಯಿಂದ ಎಲ್ಲವನ್ನೂ ನೋಡಿದ್ದಳು. "ಸಿಲ್ವೆಸ್ಟರ್," ಎಂದಳು. "ತಾಯಿಗೆ ಹೊಡೆದರೆ ಮಾತ್ರ ಪಾಪವಾ? ನೀನು ಹೊಡೆಯುವವಳೂ ಎರಡು ಮಕ್ಕಳ ತಾಯಿಯೇ ಅಲ್ವಾ?"

"ಮಾಂಯ್, ನೀವು ಸುಮ್ಮನಿರಿ."

"ಇಷ್ಟು ವರ್ಷ ಸುಮ್ಮನೆ ಇದ್ದದ್ದೇ ಅಲ್ವಾ."

ಸಿಲ್ವೆಸ್ಟರ್ ಮೆಟ್ಟಿಲಲ್ಲಿ ಕುಳಿತ. ಅವನ ಬಲಗೈ ಊದಿತ್ತು. ಯಾರೂ ಅದಕ್ಕೆ ನೀರು ತರಲಿಲ್ಲ. ಆಂಜೆಲಾ ಮೊದಲು ಮಗಳ ಮೊಣಕೈ ತೊಳೆದು ಬಟ್ಟೆ ಕಟ್ಟಿದಳು. ಆಮೇಲೆ ಸೋನಿಯಾಳ ಮುಖ ಒರೆಸಿದಳು. ಆಮೇಲೆ ಗಾಜು ಗುಡಿಸಿದಳು. ರಾಯ್‌ಸ್ಟನ್ ಮೇಜು ತೊಳೆದ. ಆ ಮನೆಯಲ್ಲಿ ಗಂಡಸೊಬ್ಬ ಮೇಜು ತೊಳೆದದ್ದು ಅಂದೇ.

"ಫಾದರ್‌ಗೆ ಎಂತ ಹೇಳುವುದು?" ಎಂದ ಸಿಲ್ವೆಸ್ಟರ್, ಹೊರಗಿನಿಂದಲೇ.

"ನೀವು ಹೇಳುವುದು ಬೇಡ. ಬೆಳಿಗ್ಗೆ ನಾನು ಹೋಗಿ ಹೇಳ್ತೇನೆ. ಮೂರನೆಯದು ಓದುವುದು ಬೇಡ ಅಂತ," ಎಂದಳು ಆಂಜೆಲಾ.

"ಜನ ಕೇಳಿದರೆ?"

"ಕೇಳಲಿ. ನನ್ನ ಬೆರಳಿನ ಕತೆಯನ್ನೂ ಕೇಳಲಿ. ಅದೂ ಹೇಳ್ತೇನೆ."

ಸಿಲ್ವೆಸ್ಟರ್ ತಲೆ ಎತ್ತಿದ. ಎದ್ದು ಬರುತ್ತಾನೋ ಎಂದು ಎಲ್ಲರೂ ಕಾದರು. ರಾಯ್‌ಸ್ಟನ್ ಒದ್ದೆ ಬಟ್ಟೆಯನ್ನು ಕೆಳಗಿಟ್ಟು ತಾಯಿಯ ಪಕ್ಕಕ್ಕೆ ಬಂದ. ಸಿಲ್ವೆಸ್ಟರ್ ಎದ್ದ, ಆದರೆ ಒಳಗೆ ಬರಲಿಲ್ಲ. ಬಿದ್ದ ಕುಂಡಗಳನ್ನು ಎಡಗೈಯಿಂದ ಒಂದೊಂದಾಗಿ ನಿಲ್ಲಿಸಲು ಹೋದ.

ಸಂಜೆ ಜಪಮಾಲೆಯ ತೇರ್ಸಿಗೆ ಸೋನಿಯಾ ಅವರ ಜೊತೆ ಕುಳಿತಳು. ಮೂಲ್ಕಿಯ ತಂಗಿಗೆ ಫೋನು ಮಾಡಿದ್ದಾಯಿತು, ಅವಳು ಬಂದು ಕರೆದುಕೊಂಡು ಹೋಗುವವರೆಗೆ ಇಲ್ಲಿಯೇ ಇರುವುದು. ಪ್ರಾರ್ಥನೆ ಮುಗಿದ ಮೇಲೆ ಆಂಜೆಲಾ ಒಳಗೆ ಹಾಸಿಗೆ ಹಾಸಿದಳು, ಮಗಳ ಹಾಸಿಗೆಯ ಪಕ್ಕದಲ್ಲಿ. ಊಟಕ್ಕೆ ಕುಳಿತಾಗ ಎರಡು ಪಾತ್ರೆ ತಂದಿಟ್ಟಳು.

"ಸೋನಿಯಾಬಾಯ್, ಗಂಜಿಯಾ, ಅನ್ನವಾ?"

ಸೋನಿಯಾಳ ಭುಜ ಮೇಲೆದ್ದಿತು. "ಯಾವುದಾದರೂ ಆಗ್ತದೆ. ನಿಮಗೆ ಯಾವುದು ಸುಲಭವೋ ಅದು."

"ನನಗೆ ಎರಡೂ ಸುಲಭ. ನೀವು ಹೇಳಿ."

ಸೋನಿಯಾ ಒಂದು ಪಾತ್ರೆ ನೋಡಿದಳು, ಇನ್ನೊಂದನ್ನು ನೋಡಿದಳು. ಆಂಜೆಲಾಳ ಮುಖ ನೋಡಿದಳು. ಶಾರ್ಲೆಟ್ ಉಪ್ಪಿನಕಾಯಿಯ ಭರಣಿಯನ್ನು ಅವಳ ಬಲಬದಿಗೆ ಸರಿಸಿದಳು.

"ಗಂಜಿ," ಎಂದಳು ಸೋನಿಯಾ ಕೊನೆಗೆ.

ಆಂಜೆಲಾ ಗಂಜಿಗೆ ಸೌಟು ಹಾಕಿದಳು.

"ಇಲ್ಲ," ಎಂದಳು ಸೋನಿಯಾ. "ಅನ್ನ ಕೊಡಿ."

ಆಂಜೆಲಾ ಸೌಟನ್ನು ಗಂಜಿಯಿಂದ ತೆಗೆದು, ತೊಳೆದು, ಅನ್ನ ಬಡಿಸಿದಳು.